ಕಾಡಿಗೇ ಗೊಬ್ಬರ!

ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್. 1988ರಲ್ಲಿ ವಿಜ್ಞಾನಿಗಳು ಇಲ್ಲಿ ಕಾಡಿಗೇ ಗೊಬ್ಬರ ಹಾಕತೊಡಗಿದರು. ಅಮೋನಿಯಂ ನೈಟ್ರೇಟ್ ಕರಗಿಸಿದ ನೀರಿನ ಸಿಂಪಡಣೆ. ಕೆಲವು ತಾಕುಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕ. ಹೊಗೆಯಿಂದ ಮಳೆಗೆ ಸೇರಿ ಬೀಳುವ ಸಾರಜನಕವನ್ನು ಕಾಡು ಎಷ್ಟು ತಾಳಿಕೊಂಡೀತು ಎಂದು ನೋಡುವುದಕ್ಕೆ.

ಮರಗಳೇ ಎಲ್ಲ ಹೀರಿಬಿಡುತ್ತವೆ ಅನ್ನಿಸುವುದು ಸಹಜ. ಆದರೆ ಸಾರಜನಕ-15 ಎಂಬ ಭಾರದ ಐಸೊಟೋಪನ್ನು ಗುರುತಿಗೆಂದು ಬೆರೆಸಿ ಹುಡುಕಿದರೆ, ಹೆಚ್ಚಿನ ಪಾಲು ಸಿಕ್ಕಿದ್ದು ನೆಲದಲ್ಲಿ: ಕೊಳೆಯುತ್ತಿರುವ ತರಗೆಲೆಯಲ್ಲಿ, ಅದರಡಿಯ ಕಪ್ಪು ಮಣ್ಣಿನಲ್ಲಿ. ಅಲ್ಲಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಸಾರಜನಕವನ್ನು ಮೈಗೂಡಿಸಿಕೊಳ್ಳುತ್ತವೆ. ಅವು ಸತ್ತಮೇಲೂ ಅದರಲ್ಲಿ ಬಹುಪಾಲು ಆ ಕಪ್ಪು ಮಣ್ಣಿನ ಕೊಳೆತ ಅಂಶದಲ್ಲೇ, ಅಂದರೆ ಹ್ಯೂಮಸ್‌ನಲ್ಲೇ ಉಳಿಯುತ್ತದೆ. ಕಾಂಡಕ್ಕೆ ಸೇರಿದ್ದು ತೀರಾ ಕಡಿಮೆ.

ಈ ಉಗ್ರಾಣಕ್ಕೂ ಮಿತಿಯಿದೆ. ಹೆಚ್ಚು ಗೊಬ್ಬರ ಬಿದ್ದ ಪೈನ್ ತೋಪಿನಲ್ಲಿ ನೈಟ್ರೇಟ್ ಬೇರಿಗೂ ಸಿಗದೆ ಕೆಳಗಿಳಿದು ಹೋಗತೊಡಗಿತು. ಮರಗಳು ಸೊರಗಿ ಒಣಗಿದವು. ಓಕ್ ಕಾಡು ಮಾತ್ರ ಇನ್ನಷ್ಟು ವರ್ಷ ಹಿಡಿದಿಟ್ಟುಕೊಂಡಿತು.