ಸಾಲಕ್ಕೆ ಸೊಸೈಟಿ ಸರಿ, ಠೇವಣಿಗೆ?

"ಸೊಸೈಟೀಲಿ ಬಡ್ಡಿ ಜಾಸ್ತಿ ಕೊಡ್ತಾರಂತೆ, ದುಡ್ಡ ಅಲ್ಲೇ ಮಡಗನ?" ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ರೇಷ್ಮೆಗೂಡು ಮಾರಿದವರು, ಅರಿಸಿನದ ದುಡ್ಡು ಕೈಗೆ ಬಂದವರು, ನಿವೃತ್ತಿಯ ಹಣ ಹಿಡಿದು ಕೂತ ಮೇಷ್ಟ್ರು, ಎಲ್ಲರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು. ಮಳೆಗಾಲ ಹತ್ತಿರ ಬಂದಾಗ ಇದೇ ಜನ ಕೇಳುವ ಪ್ರಶ್ನೆ ಬೇರೆ: ಸೊಸೈಟಿಯಲ್ಲಿ ಸಾಲ ಸಿಗುತ್ತದಾ? ಎರಡಕ್ಕೂ ಒಂದೇ ಉತ್ತರ ಇಲ್ಲ. ಸಾಲ ತೆಗೆಯುವವನಿಗೆ ಸೊಸೈಟಿಯಂಥ ಅನುಕೂಲ ಇನ್ನೊಂದಿಲ್ಲ. ದುಡ್ಡು ಇಡುವವನು ಮಾತ್ರ ಒಳಗೆ ಕಾಲಿಡುವ ಮುಂಚೆ ಬೋರ್ಡನ್ನು ಪೂರ್ತಿ ಓದಬೇಕು.

ಯಾಕೆಂದರೆ ನಾವು 'ಸೊಸೈಟಿ' ಎಂದು ಒಟ್ಟಾರೆ ಕರೆಯುವುದು ಬೇರೆ ಬೇರೆ ಕಾಯ್ದೆಗಳ ಕೆಳಗೆ ಹುಟ್ಟಿದ ಬೇರೆ ಬೇರೆ ಸಂಸ್ಥೆಗಳನ್ನು. ಹಳ್ಳಿಯಲ್ಲಿ ಗೊಬ್ಬರ ಇಳಿಸುವ, ಎಷ್ಟೋ ಕಡೆ ಪಡಿತರ ಅಕ್ಕಿಯನ್ನೂ ಅಳೆಯುವ, ಬೆಳೆ ಸಾಲ ಬರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಒಂದು. ಪೇಟೆಯಲ್ಲಿ ವರ್ತಕರೋ ನೌಕರರೋ ಒಂದು ಸಮುದಾಯದವರೋ ಸೇರಿ ಕಟ್ಟಿಕೊಂಡ ಪತ್ತಿನ ಸಹಕಾರ ಸಂಘ ಇನ್ನೊಂದು. ಇವೆರಡೂ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೂಸುಗಳು. ಹೆಸರಿನಲ್ಲಿ 'ಸೌಹಾರ್ದ' ಇದ್ದರೆ ಅದು 1997ರ ಸೌಹಾರ್ದ ಕಾಯ್ದೆಯದು, ಸರ್ಕಾರದ ಹಿಡಿತ ಅಲ್ಲಿ ಸಡಿಲ. 'ಮಲ್ಟಿ ಸ್ಟೇಟ್' ಎಂದಿದ್ದರೆ ಅದು ಕೇಂದ್ರದ 2002ರ ಕಾಯ್ದೆಯದು, ಅದರ ನಿಬಂಧಕರು ಕೂತಿರುವುದು ದೆಹಲಿಯಲ್ಲಿ. ಇವು ಯಾವುವೂ ಬ್ಯಾಂಕುಗಳಲ್ಲ. ಮೈಸೂರು–ಚಾಮರಾಜನಗರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್, ಅಂದರೆ ನಮ್ಮ ಎಂಡಿಸಿಸಿ ಬ್ಯಾಂಕು, ಸಹಕಾರಿಯೂ ಹೌದು, ಬ್ಯಾಂಕೂ ಹೌದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಲ್ಯಾಂಪ್ಸ್ ಸೊಸೈಟಿಯ ಕೆಲಸವೇ ಬೇರೆ. ಜೇನು, ನೆಲ್ಲಿ, ಸೀಗೆಯಂಥ ಕಾಡಿನ ಉತ್ಪನ್ನ ಕೊಳ್ಳುವುದು ಅದರ ಮೂಲ ಕಸುಬು.

ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳುವ ಕ್ರೆಡಿಟ್ ಯೂನಿಯನ್ ಕೂಡ ಇದೇ ಬಳಗ. ಈ ಬಳಗದ ಒಂದು ಮುಖ್ಯ ಮೂಲ ಜರ್ಮನಿಯ ರೈಫೈಸನ್ ಎಂಬಾತ 19ನೇ ಶತಮಾನದ ನಡುವಿನಲ್ಲಿ ರೈತರಿಗಾಗಿ ಕಟ್ಟಿದ ಸಾಲ ಸಂಘಗಳು. ಆ ಮಾದರಿಯನ್ನು ನಮ್ಮ ದೇಶಕ್ಕೆ ತರಬೇಕೆಂದು 1895–97ರಲ್ಲಿ ಮದರಾಸು ಸರ್ಕಾರಕ್ಕೆ ವರದಿ ಕೊಟ್ಟವನು ಫ್ರೆಡರಿಕ್ ನಿಕಲ್ಸನ್. ಕೊಯಮತ್ತೂರಿನಲ್ಲಿ ಕಲೆಕ್ಟರ್ ಆಗಿದ್ದವನು, 1887ರಲ್ಲಿ ಆ ಜಿಲ್ಲೆಯ ಕೈಪಿಡಿ ಬರೆದವನು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲೂಕು, ಇಂದಿನ ಹನೂರೂ ಅದರೊಳಗೇ. ಸಾಹುಕಾರನ ಬಡ್ಡಿಗೆ ಸಿಕ್ಕಿದ ರೈತನ ಪಾಡನ್ನು ಅವನು ಕಂಡದ್ದು ಇಂಥ ತಾಲೂಕುಗಳಲ್ಲೇ ಇರಬೇಕು. ವರದಿಯ ಹಿಂದೆಯೇ 1904ರ ಸಹಕಾರ ಕಾಯ್ದೆ ಬಂತು, ಮರುವರ್ಷ ಗದಗಿನ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು, ಮೈಸೂರು ಸಂಸ್ಥಾನದ ಭಾಗ. ಮೈಸೂರು ತನ್ನದೇ ಸಹಕಾರ ಕಾನೂನು ಮಾಡಿಕೊಂಡಿದ್ದು 1905ರಲ್ಲಿ. ಒಂದೇ ಬಯಲಿನ ಎರಡು ಊರುಗಳಿಗೆ ಎರಡು ಸರ್ಕಾರದ ಸಹಕಾರ ಕಾನೂನು! 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿದ ಮೇಲಷ್ಟೇ ಎರಡೂ ಒಂದೇ ಸರ್ಕಾರದ ಕೆಳಗೆ ಬಂದವು.

ಈಗ ಸಾಲದ ವಿಚಾರ. ಹಳ್ಳಿ ಸೊಸೈಟಿ ಕೊಡುವ ಬೆಳೆ ಸಾಲದಲ್ಲಿ ಅದರ ಸ್ವಂತ ದುಡ್ಡು ಕಡಿಮೆ. ನಬಾರ್ಡ್‌ನಿಂದ ರಾಜ್ಯದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಎಂಡಿಸಿಸಿಗೆ, ಅಲ್ಲಿಂದ ಸೊಸೈಟಿಗೆ ಹಣ ಇಳಿಯುತ್ತದೆ. ಎಕರೆಗೆ ಯಾವ ಬೆಳೆಗೆ ಎಷ್ಟು ಎಂಬುದು ಜಿಲ್ಲಾ ಮಟ್ಟದಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಷೇರು ಕಟ್ಟಿ ಸದಸ್ಯನಾಗಬೇಕು, ಪಹಣಿ, ಆಧಾರ್ ಕೊಡಬೇಕು, ಬೇರೆ ಕಡೆ ಬಾಕಿ ಇಲ್ಲವೆಂದು ತೋರಿಸಬೇಕು. ಸಾಲ ಮಂಜೂರಾದರೆ ಪಹಣಿಯಲ್ಲಿ ಋಣಭಾರ ಏರುತ್ತದೆ.

ಲಾಭ ಏನೆಂದು ಲೆಕ್ಕ ಹಾಕಿ ನೋಡಿ. 1 ಲಕ್ಷ ರೂಪಾಯಿಯನ್ನು ಊರಿನ ಲೇವಾದೇವಿಯವನ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ವರ್ಷಕ್ಕೆ 36,000 ಬಡ್ಡಿ. ವಾಣಿಜ್ಯ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ವೇಳೆಗೆ ಸರಿಯಾಗಿ ಕಟ್ಟಿದರೆ ಶೇ 4, ಅಂದರೆ 4,000. ಸೊಸೈಟಿಯಲ್ಲಿ ಸೊನ್ನೆ. ರಾಜ್ಯ ಸರ್ಕಾರ ಬಡ್ಡಿಯನ್ನು ತಾನು ತುಂಬಿಕೊಡುವುದರಿಂದ ಇದು ಸಾಧ್ಯ. 3 ಲಕ್ಷ ಇದ್ದ ಮಿತಿಯನ್ನು 2023–24ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಮಧ್ಯಮಾವಧಿ, ದೀರ್ಘಾವಧಿ ಸಾಲಕ್ಕೆ ಶೇ 3 ಬಡ್ಡಿಯಲ್ಲಿ 15 ಲಕ್ಷದವರೆಗೆ ಎಂದರು. ಸಾಲ ಮನ್ನಾ ಬಂದಾಗಲೂ ಸೊಸೈಟಿಯವರು ಸಾಲಿನಲ್ಲಿ ಮುಂದೆ: 2017ರಲ್ಲಿ ರಾಜ್ಯ ಸರ್ಕಾರ 50,000 ರೂಪಾಯಿವರೆಗೆ ಮನ್ನಾ ಮಾಡಿದ್ದು ಸಹಕಾರ ಸಂಸ್ಥೆಗಳ ಬೆಳೆ ಸಾಲವನ್ನು ಮಾತ್ರ. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಹೊರಟವರ ಸುದ್ದಿ ಓದಿದವರಿಗೆ ಸೊನ್ನೆ ಬಡ್ಡಿಯ ಬೆಲೆ ವಿವರಿಸಬೇಕಾಗಿಲ್ಲ.

ಆದರೆ ಸೊನ್ನೆ ಎಂಬುದು ವಾಯಿದೆಯ ದಿನದವರೆಗೆ ಮಾತ್ರ. ಒಂದು ದಿನ ದಾಟಿದರೂ ಸರ್ಕಾರದ ಬಡ್ಡಿ ಸಹಾಯ ತಪ್ಪುತ್ತದೆ, ಪೂರ್ತಿ ಬಡ್ಡಿ ರೈತನ ತಲೆಗೆ. ಹೀಗಾಗಿ ವಾಯಿದೆ ಹತ್ತಿರ ಬಂತೆಂದರೆ ಊರಿನಲ್ಲಿ ಇನ್ನೊಂದು ವ್ಯಾಪಾರ ಶುರುವಾಗುತ್ತದೆ. ಕಟ್ಟಲು ಕೈಯಲ್ಲಿ ದುಡ್ಡಿಲ್ಲದವನು ಕೈಸಾಲ ತಂದು ಸೊಸೈಟಿಗೆ ಕಟ್ಟುತ್ತಾನೆ, ಹೊಸ ಸಾಲ ಬಂದ ಕೂಡಲೇ ಕೈಸಾಲ ತೀರಿಸುತ್ತಾನೆ. ಆ ನಾಲ್ಕಾರು ದಿನದ ದುಡ್ಡಿಗೆ ಸಾವಿರಕ್ಕೆ ದಿನಕ್ಕೆ 5 ರೂಪಾಯಿ ಎಂದಿಟ್ಟುಕೊಳ್ಳಿ, 1 ಲಕ್ಷಕ್ಕೆ ದಿನಕ್ಕೆ 500, ಮರುಸಾಲ ಬರಲು ಒಂದು ವಾರ ಹಿಡಿದರೆ 3,500. ಶೂನ್ಯ ಬಡ್ಡಿಯ ಸಾಲಕ್ಕೆ ಶೇ 3.5 ಬಿತ್ತು. ವಾರ ತಿಂಗಳಾದರೆ ಶೇ 15! ಮರುಸಾಲ ಯಾವತ್ತು ಕೈಗೆ ಬರುತ್ತದೆ ಎಂದು ಸೆಕ್ರೆಟರಿಯ ಬಾಯಿಂದ ಖಚಿತ ಮಾಡಿಕೊಳ್ಳದೆ ಕೈಸಾಲಕ್ಕೆ ಕೈ ಹಾಕಬಾರದು. ಹಿಪ್ಪುನೇರಳೆ ತೋಟ ಇರುವವರಿಗೆ ಗೂಡಿನ ದುಡ್ಡು ವರ್ಷದಲ್ಲಿ ಹಲವು ಸಲ ಬರುತ್ತದೆ, ಪ್ರತಿ ಬೆಳೆಯಲ್ಲಿ ಇಷ್ಟಿಷ್ಟು ಎತ್ತಿಟ್ಟರೆ ಸಾಕು. ರಾಗಿ, ಜೋಳ ನೆಚ್ಚಿಕೊಂಡ ಹನೂರಿನ ಖುಷ್ಕಿ ರೈತನಿಗೆ ಆ ಅನುಕೂಲ ಇಲ್ಲ.

ಇನ್ನೊಂದು ಅಡಚಣೆ ಹೊಸಬರಿಗೆ. ಸದಸ್ಯನಾದ ಮಾತ್ರಕ್ಕೆ ಸಾಲ ಸಿಗುವುದಿಲ್ಲ. ಮೇಲಿನಿಂದ ಇಳಿಯುವ ಹಣಕ್ಕೆ ಮಿತಿ ಇದೆ. 2024–25ರಲ್ಲಿ ನಬಾರ್ಡ್ ಕರ್ನಾಟಕಕ್ಕೆ ಕೊಡುವ ರಿಯಾಯಿತಿ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ಹಿಂದಿನ ವರ್ಷದ 5,600 ಕೋಟಿಯಿಂದ 2,340 ಕೋಟಿಗೆ ಇಳಿಸಿತು. ಹಾಗೆ ಇಳಿದಾಗ ಮೊದಲು ಹೊರಗೆ ಉಳಿಯುವವರು ಹೊಸ ಅರ್ಜಿದಾರರು. ಇರುವುದನ್ನು ಯಾರಿಗೆ ಹಂಚಬೇಕೆಂದು ಕೂತು ಮಾತಾಡುವುದು ಆಡಳಿತ ಮಂಡಳಿ. ಅಲ್ಲಿ ಜಾತಿ, ಪಕ್ಷ, 'ನಮ್ಮೋರು' ಎಂಬ ಲೆಕ್ಕ ಬರುವುದೇ ಇಲ್ಲ ಎಂದರೆ ನಂಬಲು ಯಾರೂ ತಯಾರಿಲ್ಲ. ಕಾನೂನಿನಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಹತ್ತು ಷೇರಿನವನಿಗೂ ಒಂದು ಷೇರಿನವನಿಗೂ ಸಮ. ಬ್ಯಾಂಕಿನ ಗ್ರಾಹಕನಿಗೆ ಸಿಗದ ಹಕ್ಕು ಇದು. ಆದರೆ ಮಹಾಸಭೆಗೆ ಹೋಗದೆ, ಸೊಸೈಟಿಯಲ್ಲಿ ವ್ಯವಹಾರವನ್ನೂ ಮಾಡದೆ ಕೂತರೆ ಅನರ್ಹ ಮತದಾರರ ಪಟ್ಟಿಯಲ್ಲಿ ಹೆಸರು ಕಾಣಿಸುತ್ತದೆ. ಚುನಾವಣೆ ಬಂದಾಗ ಕೂಗಾಡಿ ಪ್ರಯೋಜನವಿಲ್ಲ.

ಈಗ ದುಡ್ಡು ಮಡಗುವ ಪ್ರಶ್ನೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಈ ಮೊತ್ತ, ಅದಕ್ಕೂ ಹಿಂದೆ 1 ಲಕ್ಷ ಇತ್ತು. ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ. ವಾಣಿಜ್ಯ ಬ್ಯಾಂಕುಗಳು, ಪಟ್ಟಣ ಸಹಕಾರ ಬ್ಯಾಂಕುಗಳು, ಎಂಡಿಸಿಸಿಯಂಥ ಜಿಲ್ಲಾ ಬ್ಯಾಂಕುಗಳು ಇದರೊಳಗೆ ಬರುತ್ತವೆ. ಹಳ್ಳಿ ಸೊಸೈಟಿ, ಪೇಟೆಯ ಪತ್ತಿನ ಸಂಘ, ಸೌಹಾರ್ದ, ಮಲ್ಟಿ ಸ್ಟೇಟ್ ಸೊಸೈಟಿ ಯಾವುದೂ ಬರುವುದಿಲ್ಲ. ಗಾಜಿನ ಬಾಗಿಲು, ಏಸಿ, ಟೋಕನ್ ಯಂತ್ರ ಇದ್ದರೂ ಬರುವುದಿಲ್ಲ.

ವಿಮೆ ಇದ್ದ ಕಡೆಯೂ ಕಷ್ಟ ತಪ್ಪದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು ಬರೀ 35,000 ರೂಪಾಯಿ. ಜೀವಮಾನದ ಉಳಿತಾಯ ಅಲ್ಲಿಟ್ಟಿದ್ದ ನಿವೃತ್ತರು ಎಷ್ಟೋ ಮಂದಿ. ಅದು ಪರವಾನಗಿ ಇದ್ದ, ವಿಮೆ ಇದ್ದ ಬ್ಯಾಂಕು. ವಿಮೆಯೇ ಇಲ್ಲದ ಸಂಘ ಬಾಗಿಲು ಹಾಕಿದರೆ ಉಳಿಯುವುದು ಸಂಘದ ಆಸ್ತಿ ಮಾರಿ ಬಂದದ್ದರಲ್ಲಿ ಒಂದು ಪಾಲು, ಅದೂ ವರ್ಷಗಳ ಮೇಲೆ.

2 ಲಕ್ಷ ರೂಪಾಯಿಗೆ ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿ ಎಂದರೆ ವರ್ಷಕ್ಕೆ 3,000 ರೂಪಾಯಿ. ಆ 3,000ಕ್ಕಾಗಿ 2 ಲಕ್ಷವನ್ನು ವಿಮೆ ಇಲ್ಲದ ಕಡೆ ಇಡಬೇಕೆ? ಹೋದರೆ ಹೋಯಿತು ಎನ್ನುವಷ್ಟು ದುಡ್ಡಾದರೆ ಇಡಬಹುದು. ಮಗಳ ಮದುವೆಗೆ ಕೂಡಿಟ್ಟದ್ದು, ಆಸ್ಪತ್ರೆಗೆ ಎತ್ತಿಟ್ಟದ್ದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಸಹಕಾರದ ಮೇಲೆ ಅಭಿಮಾನ ಇದ್ದವರಿಗೆ ಎಂಡಿಸಿಸಿ ಶಾಖೆ ಇದ್ದೇ ಇದೆ, 5 ಲಕ್ಷದೊಳಗೆ ವಿಮೆಯೂ ಇದೆ.

ಇಡುತ್ತೇನೆ ಎಂದೇ ತೀರ್ಮಾನಿಸಿದವರು ಕೆಲವು ಕೇಳಿ ನೋಡಬೇಕು. ಕಳೆದ ವರ್ಷದ ಆಡಿಟ್‌ನಲ್ಲಿ ಯಾವ ವರ್ಗ ಬಂದಿದೆ? ಎ, ಬಿ, ಸಿ, ಡಿ ಎಂದು ವರ್ಗ ಕೊಡುತ್ತಾರೆ. ಸಿ, ಡಿ ಆದರೆ ಅಲ್ಲಿಗೆ ಮಾತು ಮುಗಿಯಿತು. ವಾರ್ಷಿಕ ವರದಿಯ ಪುಸ್ತಕ ಕೊಡಿ ಎಂದು ಕೇಳಿ. ಮಹಾಸಭೆಗೆ ಮುಂಚೆ ಅಚ್ಚು ಹಾಕಿ ಹಂಚುವ ತೆಳ್ಳನೆ ಪುಸ್ತಕ ಅದು, ಹೆಚ್ಚಿನವರು ಊಟದ ಕೂಪನ್ ಹರಿದುಕೊಂಡು ಪುಸ್ತಕ ಬಿಸಾಡುತ್ತಾರೆ. ಅದರಲ್ಲಿ ಸುಸ್ತಿ ಸಾಲ ಎಷ್ಟು, ನಿರ್ದೇಶಕರಿಗೂ ಅವರ ಮನೆಯವರಿಗೂ ಕೊಟ್ಟ ಸಾಲ ಎಷ್ಟು ಎಂಬ ಪುಟ ಹುಡುಕಿ. ನಿಮ್ಮನ್ನು ಯಾವ ಸದಸ್ಯನಾಗಿ ಸೇರಿಸಿಕೊಳ್ಳುತ್ತಿದ್ದಾರೆ ಎಂಬುದು ಇನ್ನೂ ಮುಖ್ಯ. ನೂರೋ ಇನ್ನೂರೋ ಕಟ್ಟಿಸಿಕೊಂಡು ನಾಮಮಾತ್ರ ಸದಸ್ಯ, ಸಹ ಸದಸ್ಯ ಎಂದು ಬರೆದುಕೊಂಡರೆ ನಿಮಗೆ ಮತವಿಲ್ಲ. ದುಡ್ಡು ನಿಮ್ಮದು, ಮಾತು ಅವರದು. ಇಂಥವರಿಂದ ಠೇವಣಿ ಪಡೆಯುವ ಸಂಘಗಳ ಬಗ್ಗೆ, 'ಬ್ಯಾಂಕ್' ಎಂದು ಬೋರ್ಡು ಹಾಕಿಕೊಳ್ಳುವವರ ಬಗ್ಗೆ 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ.

ಪಿಗ್ಮಿಯ ಮಾತೂ ಇಲ್ಲೇ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಈ ಪದ್ಧತಿ ಇವತ್ತು ನಮ್ಮ ಪೇಟೆಗಳಲ್ಲಿ ಬದುಕಿರುವುದು ಪತ್ತಿನ ಸಂಘಗಳಿಂದ. ಹೋಟೆಲಿನವರು, ಮಗ್ಗದವರು, ಹೂವಿನವರು ದಿನಕ್ಕೆ ಐವತ್ತು ನೂರು ಕೂಡಿಡುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಕಾಣೆ. ಮೋಸ ಆಗುವುದು ಹೆಚ್ಚಾಗಿ ಏಜೆಂಟನ ಕೈಯಿಂದ ಸಂಘದ ಲೆಕ್ಕಕ್ಕೆ ದುಡ್ಡು ಹೋಗುವ ನಡುವೆ. ಕೈಯಂತ್ರದ ಚೀಟಿ ಇಸಕೊಳ್ಳಿ, ತಿಂಗಳಿಗೊಮ್ಮೆ ಆಫೀಸಿಗೇ ಹೋಗಿ ಪಾಸ್‌ಬುಕ್ ತುಂಬಿಸಿ. ಇದೇ ಸಂಘಗಳಲ್ಲಿ ಒಡವೆ ಅಡ ಇಡುವವರು ತೂಕ, ಹರಳು ಕಳೆದ ನಿವ್ವಳ ತೂಕ, ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಬೇಕು.

ಒಟ್ಟಿನಲ್ಲಿ ಸೊಸೈಟಿ ಇದೆ ಎಂದು ಬ್ಯಾಂಕ್ ಖಾತೆ ಬಿಡಲಾಗದು. ಪಿಎಂ ಕಿಸಾನ್ 6,000 ಆಗಲಿ, ಗೃಹಲಕ್ಷ್ಮಿಯ 2,000 ಆಗಲಿ ಬೀಳುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಫೋನ್‌ಪೇ ಮಾಡಲೂ ಅದೇ ಬೇಕು. ಸೊಸೈಟಿಗಳೂ ಬದಲಾಗುತ್ತಿವೆ: ಹಳ್ಳಿ ಸೊಸೈಟಿಗಳಿಗೆ ಕಂಪ್ಯೂಟರ್ ಹಾಕುವ 2,516 ಕೋಟಿಯ ಕೇಂದ್ರ ಯೋಜನೆ 2022ರಲ್ಲಿ ಬಂದಿದೆ. ಲೆಕ್ಕ ಲೆಡ್ಜರಿನಿಂದ ಪರದೆಗೆ ಬಂದರೆ ತಿದ್ದಾಟ ಕಷ್ಟವಾಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ.

ಅವಧಿ ಮುಗಿದ ಠೇವಣಿ ಕೇಳಿದಾಗ "ಮುಂದಿನ ವಾರ ಬನ್ನಿ" ಎಂಬ ಮಾತು ಎರಡನೇ ಸಲ ಬಂದರೆ ಬಾಯಲ್ಲಿ ಕೇಳುವುದನ್ನು ನಿಲ್ಲಿಸಿ. ಬಾಂಡಿನ ಜೆರಾಕ್ಸ್ ಲಗತ್ತಿಸಿ ಅರ್ಜಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಮೇಲೆ, ಮಲ್ಟಿ ಸ್ಟೇಟ್ ಅಲ್ಲದಿದ್ದರೆ, ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು. 1959ರ ಕಾಯ್ದೆಯ ಸಂಘವಾದರೆ 70ನೇ ಕಲಮಿನಡಿ ದಾವೆ ಹೂಡಬಹುದು. ಸದಸ್ಯನಾದವನು ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ಆಫೀಸಿನವರು ಹೆದರಿಸಿದರೆ ನಂಬಬೇಡಿ. ತಮಿಳುನಾಡಿನ ಒಂದು ಕೃಷಿ ಪತ್ತಿನ ಸಂಘದ ಮೊಕದ್ದಮೆಯಲ್ಲಿ 2003ರಲ್ಲೇ ಸುಪ್ರೀಂ ಕೋರ್ಟು, ಸದಸ್ಯನೂ ಗ್ರಾಹಕರ ವೇದಿಕೆಗೆ ಹೋಗಬಹುದು, ಸಹಕಾರ ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂದು ತೀರ್ಪು ಕೊಟ್ಟಿದೆ. ಅಲ್ಲಿ ಕೇಳುವ ಮೊದಲ ಕಾಗದವೇ ಆ ಸೀಲು ಬಿದ್ದ ನಕಲು.