ಹರಳೆಣ್ಣೆ ಕುಡಿದರೆ ಕೀಲುವಾತ ಇಳಿಯುತ್ತದೆಯೇ?

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು, ನಲ್ಲಿ ತಿರುಗಿಸಲು ಇನ್ನೊಬ್ಬರು ಬೇಕು. ಗಂಟೆ ಕಳೆದ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತದೆ. ರುಮಟಾಯ್ಡ್ ಸಂಧಿವಾತದವರ ಈ ಪಾಡು ಕಂಡವರು ತಪ್ಪದೆ ಕೊಡುವ ಸಲಹೆಯೊಂದಿದೆ: ‘ಹೊಟ್ಟೇಲಿ ವಾಯು ಸೇರ್ಕೊಂಡಿದೆ, ಹರಳೆಣ್ಣೆ ಕುಡಿದು ಒಂದ್ಸಲ ತೊಳ್ಕೊಳಿ.’

ಹೊಟ್ಟೆಗೂ ಕೀಲಿಗೂ ಸಂಬಂಧವೇ ಇಲ್ಲವೆಂದು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಾಲ್ಮೊನೆಲ್ಲಾ, ಶಿಗೆಲ್ಲಾ ಬ್ಯಾಕ್ಟೀರಿಯಾದಿಂದ ಭೇದಿಯಾದ ಕೆಲವರಿಗೆ ಒಂದರಿಂದ ನಾಲ್ಕು ವಾರದ ನಂತರ ಮಂಡಿ, ಪಾದದ ಕೀಲು ಊದಿಕೊಳ್ಳುತ್ತವೆ. ಬೆನ್ನುಮೂಳೆ ಬಿಗಿಯಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರ ಕರುಳಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಉರಿಯೂತ ಕಾಣುತ್ತದೆ. ಹಲವರಿಗೆ ಹೊಟ್ಟೆಯ ತೊಂದರೆ ಇದ್ದದ್ದೇ ಗೊತ್ತಿರುವುದಿಲ್ಲ. ಈ ಕಾಯಿಲೆಗೆ ಸಂಬಂಧಿಸಿದ ಎಚ್‌ಎಲ್‌ಎ-ಬಿ27 ಜೀನನ್ನು ಇಲಿಗಳಿಗೆ ಸೇರಿಸಿದಾಗ ಅವಕ್ಕೆ ಕೀಲೂತ ಬಂತು. ಅಂಥದ್ದೇ ಇಲಿಗಳನ್ನು ಸೂಕ್ಷ್ಮಜೀವಿಗಳೇ ಇಲ್ಲದ ಕಡೆ ಸಾಕಿದಾಗ ಬರಲಿಲ್ಲ.

ಆದರೆ ಈ ನಂಟು ವಾಯುವಿನದೂ ಅಲ್ಲ, ಕೊಳೆಯದೂ ಅಲ್ಲ. ಕರುಳಿನ ಗೋಡೆಯಲ್ಲಿ ದೇಹದ ರಕ್ಷಣಾ ಕಣಗಳು ಅಪಾರವಾಗಿವೆ. ಅಲ್ಲಿನ ಬ್ಯಾಕ್ಟೀರಿಯಾಗಳ ಸಹವಾಸದಲ್ಲಿ ಯಾರನ್ನು ಸಹಿಸಬೇಕು, ಯಾರನ್ನು ಎದುರಿಸಬೇಕು ಎಂಬುದನ್ನು ಅವು ಕಲಿಯುತ್ತವೆ. ಆ ಪಾಠ ತಪ್ಪಿದ ಕಣಗಳು ಕೀಲಿನ ಒಳಪೊರೆಯವರೆಗೂ ಹೋಗಿ ಅಲ್ಲಿ ಜಗಳ ತೆಗೆಯುತ್ತವೆ ಎಂಬುದು ಈಗಿನ ತಿಳಿವಳಿಕೆ. ಹರಳೆಣ್ಣೆ ಕುಡಿದರೆ ಕರುಳು ಖಾಲಿಯಾಗಬಹುದು, ಗೋಡೆಯೊಳಗಿನ ಕಣಗಳು ಇದ್ದಲ್ಲೇ ಇರುತ್ತವೆ. ಬ್ಯಾಕ್ಟೀರಿಯಾಗಳೂ ಬೇಗನೆ ಮತ್ತೆ ಬೆಳೆಯುತ್ತವೆ. ನೂರು ವರ್ಷದ ಹಿಂದೆ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಮಲಬದ್ಧತೆಯೇ ಹಲವು ರೋಗಗಳ ಮೂಲವೆಂದು ನಂಬಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಅವನ ಮುಂದೆ ನಮ್ಮ ಹರಳೆಣ್ಣೆ ಎಷ್ಟೋ ವಾಸಿ!

ತೊಳೆಯುವುದು ಹಳೆಯದಾಯಿತು, ಈಗ ‘ಒಳ್ಳೆಯ ಬ್ಯಾಕ್ಟೀರಿಯಾ’ ತುಂಬುವ ಕಾಲ. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹೊಸದಾಗಿ ರುಮಟಾಯ್ಡ್ ಕಾಣಿಸಿಕೊಂಡ 44 ಜನರ ಮಲ ಪರೀಕ್ಷಿಸಿದಾಗ 33 ಜನರಲ್ಲಿ ಪ್ರಿವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಆರೋಗ್ಯವಂತ 28 ಜನರಲ್ಲಿ ಸಿಕ್ಕಿದ್ದು ಆರು ಮಂದಿಯಲ್ಲಿ. ಸರಿ, ಅದನ್ನೇ ಓಡಿಸೋಣವೆಂದರೆ, ಧಾನ್ಯ, ತರಕಾರಿ ಹೆಚ್ಚು ತಿನ್ನುವ ಆರೋಗ್ಯವಂತ ಭಾರತೀಯರ ಹೊಟ್ಟೆಯಲ್ಲೂ ಪ್ರಿವೊಟೆಲ್ಲಾ ಧಾರಾಳವಾಗಿದೆ. ಹಾಗಾಗಿ ಮಲ ಪರೀಕ್ಷೆಯ ಕಿಟ್ ತರಿಸಿ ನೋಡಿಕೊಂಡರೆ ಸಂಧಿವಾತದ ಬಗ್ಗೆ ಏನೂ ತಿಳಿಯುವುದಿಲ್ಲ. ತುಂಬಿ ನೋಡಿದ್ದೂ ಆಯಿತು: ಡೆನ್ಮಾರ್ಕಿನಲ್ಲಿ ಸೋರಿಯಾಸಿಸ್ ಚರ್ಮರೋಗದ ಜೊತೆ ಬರುವ ಸೋರಿಯಾಟಿಕ್ ಸಂಧಿವಾತದ 31 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾ ಪಡೆದವರು ಹುಸಿ ಚಿಕಿತ್ಸೆ ಪಡೆದವರಿಗಿಂತಲೂ ಹಿಂದೆ ಬಿದ್ದರು.

ಸಂಧಿವಾತದವರು ಬದನೆ, ಆಲೂಗಡ್ಡೆ, ಹುಳಿ ಬಿಡಬೇಕೆಂಬ ಪಥ್ಯಕ್ಕೂ ಗಟ್ಟಿ ಆಧಾರವಿಲ್ಲ. ಮೊಸರು ಬಿಡಿಸುವುದಂತೂ ಅನ್ಯಾಯ: ಈ ಕಾಯಿಲೆಗೆ ಸ್ಟೆರಾಯ್ಡ್ ತೆಗೆದುಕೊಳ್ಳುವವರ ಮೂಳೆ ಮೊದಲೇ ಸವೆಯುತ್ತಿರುತ್ತದೆ, ಅದಕ್ಕೆ ಕ್ಯಾಲ್ಸಿಯಂ ಬೇಕು.

ಕರುಳು–ಕೀಲಿನ ನಂಟಿಗೆ ನನಗೆ ಇಷ್ಟವಾದ ಸಾಕ್ಷಿ ಔಷಧಿ ಅಂಗಡಿಯಲ್ಲೇ ಇದೆ. ಸಂಧಿವಾತ ಸೋಂಕಿನಿಂದ ಬರುತ್ತದೆಂದು ಊಹಿಸಿದ ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ 1940ರ ಸುಮಾರಿಗೆ ಸಲ್ಫಾ ಔಷಧವನ್ನು ಆಸ್ಪಿರಿನ್ನಿನ ಬಂಧುವೊಂದಕ್ಕೆ ಬೆಸೆದು ಸಲ್ಫಾಸಲಜಿನ್ ಬಳಕೆಗೆ ತಂದರು. ಅದು ದೊಡ್ಡ ಕರುಳಿನ ಹುಣ್ಣಿಗೂ ಫಲ ಕೊಟ್ಟಿತು. ನುಂಗಿದ ಮಾತ್ರೆಯನ್ನು ಎರಡಾಗಿ ಒಡೆಯುವುದು ಕರುಳಿನ ಬ್ಯಾಕ್ಟೀರಿಯಾಗಳೇ. ಊಹೆ ಸಾಬೀತಾಗಲಿಲ್ಲ, ಮಾತ್ರೆ ಮಾತ್ರ ಇವತ್ತಿಗೂ ಎರಡೂ ಕಾಯಿಲೆಗೆ ಬಳಕೆಯಲ್ಲಿದೆ.

ಕೀಲಿನ ವೈದ್ಯರ ಬಳಿ ಹೋದಾಗ ಹೊಟ್ಟೆಯ ಸಂಗತಿಯನ್ನೂ ಮುಚ್ಚಿಡಬೇಡಿ: ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಅಂಗಡಿಯಿಂದ ತಂದು ನುಂಗುತ್ತಿರುವ ನೋವಿನ ಮಾತ್ರೆ, ಎಲ್ಲವನ್ನೂ ಹೇಳಿ. ಸಂಧಿವಾತಕ್ಕೆ ವೈದ್ಯರು ಬರೆದುಕೊಟ್ಟ ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್ ಔಷಧಿಯನ್ನು ಯಾರದೋ ಮಾತು ಕೇಳಿ ನಿಲ್ಲಿಸಬೇಡಿ. ಒಮ್ಮೆ ಸವೆದ ಕೀಲು ಮೊದಲಿನಂತೆ ಆಗುವುದಿಲ್ಲ.