ನೂರು ಬೀಜ ಕಲಿಸಿದ ಪಾಠ

ಕೃಷಿ ಪದವಿಯ ಮೊದಲ ವರ್ಷದಲ್ಲಿ ಬೇಸಾಯ ಶಾಸ್ತ್ರದ ಪ್ರಾಯೋಗಿಕ ತರಗತಿ ಇರುತ್ತದೆ. ಬೀಜದ ಮೊಳಕೆ ಪರೀಕ್ಷೆ, ಎಕರೆಗೆ ಬೇಕಾದ ಗಿಡಗಳ ಲೆಕ್ಕ ಇವೆಲ್ಲವನ್ನೂ ಅಲ್ಲಿ ಮಾಡಿಸುತ್ತಾರೆ. ಅಂಕ ಬಂದರೆ ಸಾಕೆಂದು ನಾನೂ ಮಾಡಿ ಮುಗಿಸಿದ್ದೆ. ರಜೆಯಲ್ಲಿ ಊರಿಗೆ ಬಂದಾಗ ಅದರ ಬೆಲೆ ತಿಳಿಯಿತು.

ನಮ್ಮದು ಮಳೆಯನ್ನೇ ನಂಬಿದ ಕಡಲೆಕಾಯಿ ಬೇಸಾಯ. ಬಿತ್ತನೆಗೆಂದು ಅಪ್ಪ ನಾಲ್ಕು ಚೀಲ ಕಾಯಿ ಇಟ್ಟಿದ್ದರು. ಮಳೆಗೆ ಇನ್ನೂ ಒಂದು ತಿಂಗಳಿತ್ತು. ಮೊಳಕೆ ನೋಡೋಣವೇ ಎಂದು ಕೇಳಿದೆ. "ನಮ್ಮ ಹೊಲದ ಬೀಜ ನನಗೆ ಗೊತ್ತಿಲ್ಲವೇನಪ್ಪಾ? ಆಗಲಿ, ನೋಡು" ಎಂದರು.

ನಾಲ್ಕೂ ಚೀಲಗಳಿಂದ ಕಾಯಿ ತೆಗೆದು ಬೆರೆಸಿ, ಸುಲಿದು, 100 ಬೀಜ ಎಣಿಸಿದೆ. ಒದ್ದೆ ಗೋಣಿತಾಟಿನ ಮೇಲೆ ಸಾಲಿಗೆ ಹತ್ತರಂತೆ ಜೋಡಿಸಿ, ಸುತ್ತಿ, ನೆರಳಿನಲ್ಲಿಟ್ಟು ದಿನವೂ ನೀರು ಚಿಮುಕಿಸಿದೆ. ಹತ್ತನೆಯ ದಿನ ಬಿಚ್ಚಿದರೆ ಒಳ್ಳೆಯ ಬೇರು, ಮೊಳಕೆ ಬಂದವು 54 ಮಾತ್ರ. ಪ್ರಮಾಣಿತ ಕಡಲೆಕಾಯಿ ಬೀಜಕ್ಕೆ ಕನಿಷ್ಠ ಶೇಕಡಾ 70 ಮೊಳಕೆ ಇರಬೇಕು.

ನಾನು ಕೂಡಲೇ ಲೆಕ್ಕ ಹಾಕಿದೆ. ಶೇಕಡಾ 70 ಮೊಳೆಯುವ ಬೀಜ ಎಕರೆಗೆ 45 ಕಿಲೋ ಬೇಕಾದರೆ, ಈ ಬೀಜ ಸುಮಾರು 58 ಕಿಲೋ ಬೇಕು. "ಅಪ್ಪಾ, ಎಕರೆಗೆ 13 ಕಿಲೋ ಹೆಚ್ಚು ಹಾಕಬೇಕು" ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಚೀಲದ ಕಾಯಿ ಮೆದೆಯಲ್ಲಿದ್ದಾಗ ಮಳೆಗೆ ನೆನೆದಿತ್ತು. ನೀನು ಅದನ್ನೂ ಇದನ್ನೂ ಕಲಸಿಬಿಟ್ಟೆಯಲ್ಲ" ಎಂದರು.

ಒಂದೇ ರೀತಿಯ ರಾಶಿಯಿಂದ ಮಾತ್ರ ಮಾದರಿ ತೆಗೆಯಬೇಕೆಂದು ತರಗತಿಯಲ್ಲಿ ಬರೆದುಕೊಂಡಿದ್ದೆ. ಬರೆದದ್ದು ಪುಸ್ತಕದಲ್ಲೇ ಉಳಿದಿತ್ತು. ಈ ಸಲ ಎರಡನ್ನೂ ಬೇರೆಬೇರೆಯಾಗಿ ಇಟ್ಟೆ. ಒಣ ಕಾಯಿಯ ಬೀಜ 79 ಮೊಳೆಯಿತು, ನೆನೆದದ್ದು 31.

ನಾಲ್ಕನ್ನೂ ಕಲಸಿ ಹೆಚ್ಚಿಗೆ ಬಿತ್ತಿದ್ದರೆ ಕೆಟ್ಟ ಬೀಜ ಮಣ್ಣಿನಲ್ಲಿ ಕೊಳೆತು, ಅಲ್ಲಲ್ಲಿ ಸಾಲು ಖಾಲಿ ಬೀಳುತ್ತಿತ್ತು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 1 ಲಕ್ಷ 35 ಸಾವಿರ ಗಿಡಗಳಿರಬೇಕು. ಒಣ ಕಾಯಿಯ ಎರಡು ಚೀಲಗಳನ್ನು ಬಿತ್ತನೆಗೆ ಇಟ್ಟುಕೊಂಡೆವು. ಕಡಿಮೆ ಬಿದ್ದ ಬೀಜವನ್ನು ರೈತ ಸಂಪರ್ಕ ಕೇಂದ್ರದಿಂದ ತಂದೆವು.

ರೈತ ಬಾಂಧವರು ಗಮನಿಸಬೇಕಾದದ್ದು ಇಷ್ಟೆ. ಬಿತ್ತನೆಗೆ ಮೂರು ನಾಲ್ಕು ವಾರ ಮೊದಲೇ ಪರೀಕ್ಷೆ ಮಾಡಿ. ಮಳೆಗೆ ಸಿಕ್ಕಿದ ಕಾಯಿಯನ್ನು ಬೇರೆಯಾಗಿಟ್ಟು ಗುರುತು ಹಾಕಿ. ಬಿತ್ತನೆ ಹತ್ತಿರ ಬಂದಾಗ ಮಾತ್ರ ಕಾಯಿ ಸುಲಿಯಿರಿ. ಬೂಷ್ಟು ಹಿಡಿದ ಬೀಜವನ್ನು ತಿನ್ನಬೇಡಿ, ದನಗಳಿಗೂ ಹಾಕಬೇಡಿ.

ಎಣಿಸುವ ಕ್ರಮವನ್ನು ನನಗೆ ಕಾಲೇಜು ಕಲಿಸಿತು. ಯಾವ ರಾಶಿಯನ್ನು ಎಣಿಸಬೇಕೆಂದು ಹೇಳಿದವರು ಅಪ್ಪ. ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ ಈ ಸಲ ಇಬ್ಬರೂ ಕೂಡಿ ನೂರು ಬೀಜ ಎಣಿಸಿ ನೋಡಿ.